ಜಡೆ ತಂದ ತಲೆನೋವು

ಕೆಲವು ವರ್ಷಗಳ ಹಿಂದೆ ನಮ್ಮ ಕುಮಾರ ಪಾರ್ಕ್ ಮನೆಯಲ್ಲಿ ಸಂಜೆ ಐದೂವರೆ ಅಂದರೆ ತಲೆನೋವಿನ ಹೊತ್ತು. ಮಗಳು ಕಾಲೇಜಿನಿಂದ ಬಂದವಳೇ ಬ್ಯಾಗು ಎಸೆದು, ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಕೂತುಬಿಡೋಳು. ಕಾಫಿ ಕೊಟ್ಟರೂ ಅಷ್ಟೇ, ಮಾತ್ರೆ ಕೊಟ್ಟರೂ ಅಷ್ಟೇ. ಕಣ್ಣಿನ ಪರೀಕ್ಷೆ ಮಾಡಿಸಿದೆವು, ಸರಿಯಾಗಿದೆ ಅಂದರು. ರಕ್ತಪರೀಕ್ಷೆ ಆಯ್ತು, ಅದರಲ್ಲೂ ಏನಿಲ್ಲ. ನಮ್ಮತ್ತೆ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ನನ್ನ ಗಂಡ ‘ಎಲ್ಲಾ ಆ ಮೊಬೈಲಿಂದ’ ಅಂತ ತೀರ್ಪು ಕೊಟ್ಟರು. ನಾನು ನಮ್ಮಮ್ಮ ಮಾಡುತ್ತಿದ್ದ ಹಾಗೆ ಅಮೃತಾಂಜನ ತಿಕ್ಕಿದೆ. ಭಾನುವಾರ ಮಾತ್ರ ಅವಳಿಗೆ ತಲೆನೋವು ಬರುತ್ತಿರಲಿಲ್ಲ. ಕಾಲೇಜಿಗೆ ಹೋಗೋಕೆ ಸೋಮಾರಿತನ ಇರಬೇಕು ಅಂತ ನಾನು ಒಳಗೊಳಗೇ ಅಂದುಕೊಂಡಿದ್ದೂ ಉಂಟು. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತೆ.

ಕೊನೆಗೆ ನಮ್ಮ ಹಳೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಎಪ್ಪತ್ತು ದಾಟಿದವರು, ನಿಧಾನಸ್ಥರು. ಎಲ್ಲ ಕೇಳಿಸಿಕೊಂಡು, ಅವಳನ್ನು ಆ ಕಡೆ ತಿರುಗಿ ನಿಲ್ಲು ಅಂದರು. ಮಂಡಿಯ ಹತ್ತಿರ ಬರುವ ಕೂದಲು ಅವಳದು. ಅಷ್ಟನ್ನೂ ಎಳೆದು, ನೆತ್ತಿಯ ಹಿಂದೆ ಎತ್ತರಕ್ಕೆ ಕುದುರೆಬಾಲದ ಹಾಗೆ ರಬ್ಬರ್ ಬ್ಯಾಂಡಿನಲ್ಲಿ ಬಿಗಿದಿದ್ದಳು. ‘ಅದನ್ನ ಬಿಚ್ಚಿ ಹೊರಗೆ ಕೂತಿರಮ್ಮ, ಆಮೇಲೆ ಕರೀತೀನಿ’ ಅಂದರು. ಅರ್ಧ ಗಂಟೆ ಬಿಟ್ಟು ಕರೆದಾಗ ಅವಳ ಮುಖವೇ ಬೇರೆ ಆಗಿತ್ತು. ಡಾಕ್ಟರು ನನ್ನ ಕಡೆ ನೋಡಿ, ‘ನಿಮ್ಮ ಮಗಳಿಗೆ ಕಾಯಿಲೆ ಇಲ್ಲಮ್ಮ, ಕೂದಲಿದೆ’ ಅಂದರು.

ಆಟೋದಲ್ಲಿ ವಾಪಸು ಬರುವಾಗ ಅವಳು ಕೇಳಿದಳು: ‘ಅಮ್ಮಾ, ಕತ್ತರಿಸಿಬಿಡ್ಲಾ?’

‘ಹುಚ್ಚೇನೇ ನಿಂಗೆ?’ ಅಂದೆ. ಯೋಚನೆ ಮಾಡಿ ಅಂದದ್ದಲ್ಲ, ಬಾಯಿಂದ ತಾನಾಗಿ ಬಂತು. ಅವಳು ಮತ್ತೆ ಮಾತಾಡಲಿಲ್ಲ. ರಾತ್ರಿ ಮಲಗಿದ ಮೇಲೆ ನನಗೆ ಅದೇ ಕೊರೆಯೋಕೆ ಶುರುವಾಯ್ತು. ನೋವು ಅವಳ ತಲೇದು, ಕೂದಲೂ ಅವಳದೇ. ಬೇಡ ಅನ್ನೋಕೆ ನಾನ್ಯಾರು? ನನ್ನ ಬಾಯಲ್ಲಿ ಆ ಮಾತು ಆಡಿಸಿದವರು ಯಾರು? ಆ ಪ್ರಶ್ನೆ ಹಿಡಿದುಕೊಂಡು ಓದುತ್ತಾ ಹೋದೆ. ಓದಿದ್ದರಲ್ಲಿ, ಮನೆಯಲ್ಲಿ ಕೇಳಿದ್ದರಲ್ಲಿ ಒಂದಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ತಲೆನೋವಿನ ವಿಷಯ. ನಮ್ಮ ಮಿದುಳಿಗೆ ನೋವು ಗೊತ್ತಾಗುವುದಿಲ್ಲ ಅಂದರೆ ನಂಬುತ್ತೀರಾ? ಬ್ರಾನ್ಸನ್ ರೇ ಮತ್ತು ಹೆರಾಲ್ಡ್ ವುಲ್ಫ್ ಅನ್ನುವ ಅಮೆರಿಕದ ವೈದ್ಯರು, ಎಚ್ಚರವಿರುವ ರೋಗಿಗಳ ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ತಲೆಯ ಒಂದೊಂದೇ ಭಾಗ ಮುಟ್ಟಿ ನೋಡಿ, 1940ರಲ್ಲಿ ಅದನ್ನು ಪ್ರಕಟಿಸಿದರು. ಮಿದುಳಿನ ತಿರುಳಿಗೆ ನೋವಿಲ್ಲ, ತಲೆಬುರುಡೆಯ ಮೂಳೆಗೂ ಹೆಚ್ಚುಕಡಿಮೆ ಇಲ್ಲ. ಆದರೆ ಅದರ ಮೇಲೆ ಹೊದ್ದಿರುವ ಚರ್ಮ, ಅಲ್ಲಿನ ರಕ್ತನಾಳ, ಸ್ನಾಯು ಇವಕ್ಕೆಲ್ಲ ಚೆನ್ನಾಗಿ ಗೊತ್ತಾಗುತ್ತೆ. ನಮ್ಮ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲಿರುತ್ತವೆ. ಪ್ರತಿಯೊಂದರ ಬುಡಕ್ಕೂ ನರದ ಎಳೆ ಸುತ್ತಿಕೊಂಡಿರುತ್ತೆ. ಅವೆಲ್ಲವನ್ನೂ ಒಂದೇ ಕಡೆಗೆ ಎಳೆದು ಬೆಳಗಿನಿಂದ ಸಂಜೆಯವರೆಗೆ ಬಿಗಿದಿಟ್ಟರೆ ನೋಯದೆ ಇನ್ನೇನಾಗುತ್ತೆ?

ಇಷ್ಟು ಸರಳವಾದ ವಿಷಯ ವೈದ್ಯಪತ್ರಿಕೆಗೆ ಬಂದದ್ದು ಮಾತ್ರ ತಡವಾಗಿ. 2004ರಲ್ಲಿ ಬ್ಲಾವ್ ಅನ್ನುವ ಲಂಡನ್ನಿನ ಮೈಗ್ರೇನ್ ತಜ್ಞರು 93 ಮಂದಿ ಹೆಂಗಸರನ್ನು ಕೇಳಿ ನೋಡಿದರು. 50 ಮಂದಿ, ಹೌದು, ಕೂದಲು ಹಿಂದಕ್ಕೆ ಎಳೆದು ಕಟ್ಟಿದರೆ ನಮಗೆ ತಲೆ ನೋಯುತ್ತೆ ಅಂದರು. ಕೆಲವರಿಗೆ ಕಟ್ಟಿದ ಜಾಗದಲ್ಲಿ ಮಾತ್ರ ನೋವು. ಹೆಚ್ಚಿನವರಿಗೆ ಅದು ಅಲ್ಲಿಂದ ಆಚೆಗೂ ಹರಡುತ್ತಿತ್ತು. ನನ್ನ ಮಗಳು ಹಣೆ ಹಿಡಿದುಕೊಳ್ಳುತ್ತಿದ್ದುದರಿಂದಲೇ ನಮಗ್ಯಾರಿಗೂ ಹಿಂದಲೆಯ ಗಂಟು ಹೊಳೆಯಲಿಲ್ಲ. ಈಗ ಅಂತಾರಾಷ್ಟ್ರೀಯ ತಲೆನೋವು ಸಂಘದ ಪಟ್ಟಿಯಲ್ಲಿ ಇದಕ್ಕೆ ಒಂದು ನಂಬರೇ ಇದೆ, 4.6.2. ಎಳೆತ ಇರುವಷ್ಟು ಹೊತ್ತು ಮಾತ್ರ ಬರಬೇಕು, ಎಳೆದ ಜಾಗದಲ್ಲಿ ಹೆಚ್ಚಿರಬೇಕು, ಬಿಚ್ಚಿದ ಒಂದು ಗಂಟೆಯೊಳಗೆ ಹೋಗಬೇಕು. ಅದು ಲಕ್ಷಣ. (ಬಿಚ್ಚಿದರೂ ಹೋಗದ, ಅಥವಾ ವಾಂತಿ, ಕಣ್ಣು ಮಂಜು ಜೊತೆಗಿರುವ ತಲೆನೋವನ್ನು ಜಡೆಯ ಮೇಲೆ ಹಾಕಿ ಸುಮ್ಮನಿರಬೇಡಿ, ಡಾಕ್ಟರಿಗೆ ತೋರಿಸಿ.)

ಹಾಗಾದರೆ ನಮ್ಮ ಅಮ್ಮ, ಅಜ್ಜಿಯರಿಗೆ ಈ ನೋವು ಇರಲಿಲ್ವಾ? ಇತ್ತು. ಹಬ್ಬದ ದಿನ ಸಂಜೆ ಅಜ್ಜಿ ‘ತಲೆ ಸಿಡೀತಿದೆ ಕಣೇ, ಹೆರಳು ಬಿಚ್ಚು’ ಅಂತ ಅಮ್ಮನ ಮುಂದೆ ಕೂರುತ್ತಿದ್ದರು. ಅದಕ್ಕೊಂದು ಹೆಸರಿರಲಿಲ್ಲ ಅಷ್ಟೆ.

ಕಟ್ಟುವುದಕ್ಕೆ ಕಾರಣಗಳೂ ಇದ್ದವು, ಇಲ್ಲವೆನ್ನಬಾರದು. ಸೌದೆ ಒಲೆ ಮುಂದೆ ಬಗ್ಗಿ ಊದುವವಳು, ಒರಳಲ್ಲಿ ರುಬ್ಬುವವಳು, ಬಾವಿಯಲ್ಲಿ ನೀರು ಸೇದುವವಳು ಕೂದಲು ಇಳಿಬಿಟ್ಟುಕೊಂಡು ಆ ಕೆಲಸ ಮಾಡೋಕಾಗಲ್ಲ. ಸ್ಕೂಲಿನಲ್ಲಿ ಹೇನಿನ ಭಯ. ವಾರಕ್ಕೊಮ್ಮೆ ಹರಳೆಣ್ಣೆ ಹಚ್ಚಿ ಸೀಗೆಪುಡಿಯಲ್ಲಿ ಎರೆದುಕೊಂಡು, ಸಾಂಬ್ರಾಣಿ ಹೊಗೆಯಲ್ಲಿ ಒಣಗಿಸಿ, ತುದಿಗಂಟು ಹಾಕಿಕೊಂಡು ಓಡಾಡುವ ಆ ಒಂದು ಮಧ್ಯಾಹ್ನ ಮಾತ್ರ ನಮ್ಮ ಮನೆ ಹೆಂಗಸರ ತಲೆಗೆ ರಜ.

ಆದರೆ ಬರೀ ಅನುಕೂಲಕ್ಕೆ ಅಂತ ಹೇಳಿ ಮುಗಿಸುವ ಹಾಗೂ ಇಲ್ಲ. ‘ತಲೆ ಬಿಚ್ಚಿಕೊಂಡು ನಿಲ್ಲಬೇಡ, ಮಾರಿ ಹಾಗೆ’ ಅನ್ನುವ ಬೈಗುಳ ಕೇಳದೆ ಬೆಳೆದ ಹುಡುಗಿ ನಮ್ಮ ಕಾಲದಲ್ಲಿ ಯಾರಿದ್ದಳು? ಕಟ್ಟಿದ ಮುಡಿ ಅಂದರೆ ಮನೆ ನೆಟ್ಟಗಿದೆ ಅಂತ. ಬಿಚ್ಚಿದ ಮುಡಿ ಅಂದರೆ ಸಾವು, ಇಲ್ಲವೇ ಕೋಪ. ಹತ್ತನೇ ಶತಮಾನದ ಕೊನೆಯಲ್ಲಿ ರನ್ನ ‘ಗದಾಯುದ್ಧ’ ಬರೆದಾಗ, ಇಡೀ ಯುದ್ಧವೇ ದ್ರೌಪದಿಯ ಮುಡಿಯ ಕಡೆಗೆ ತಿರುಗಿ ನಿಲ್ಲುತ್ತೆ. ದುಶ್ಶಾಸನ ಎಳೆದ ಮುಡಿ ಅದು. ಅವಳು ಅದನ್ನು ಕಟ್ಟದೆ ಬಿಟ್ಟದ್ದು ಹಟಕ್ಕೆ. ಕೊನೆಗೆ ಕಟ್ಟುವವನು ಭೀಮ. ಆಮೇಲೆ ಎಲ್ಲ ಸರಿಹೋಯ್ತು ಅಂತ ಲೆಕ್ಕ. ಬೇಲೂರಿಗೆ ಹೋದವರು 1117ರ ಆ ಗುಡಿಯಲ್ಲಿ ದರ್ಪಣ ಸುಂದರಿಯನ್ನು ನೋಡದೆ ಬರುವುದಿಲ್ಲ. ಕನ್ನಡಿ ಹಿಡಿದು ಅಲಂಕಾರ ನೋಡಿಕೊಳ್ಳುತ್ತಾ ಒಂಬೈನೂರು ವರ್ಷದಿಂದ ನಿಂತಿದ್ದಾಳೆ. ಅಷ್ಟು ಚಂದದ ಕೇಶಾಲಂಕಾರ ಹೊತ್ತ ನಿಜವಾದ ಹೆಂಗಸಿಗೆ ಸಂಜೆ ಏನಾಗಿರಬಹುದು ಅಂತ ಈಗ ನನಗೆ ಅನ್ನಿಸುತ್ತೆ.

ಕನ್ನಡಿ ಅಂದಾಗ ನೆನಪಾಯ್ತು. ನಮ್ಮಲ್ಲಿ ಬಹಳ ಮನೆಗಳಲ್ಲಿ ಅಂಥ ಒಂದು ಫೋಟೋ ಇದ್ದೇ ಇರುತ್ತೆ. ಏಳೆಂಟು ವರ್ಷದ ಹುಡುಗಿ ಜರಿ ಲಂಗ ಉಟ್ಟು ಸ್ಟುಡಿಯೋದಲ್ಲಿ ಕನ್ನಡಿ ಪಕ್ಕ ನಿಂತಿರುತ್ತಾಳೆ, ಮುಖವೂ ಬೀಳಬೇಕು, ಹಿಂದಿನ ಮೊಗ್ಗಿನ ಜಡೆಯೂ ಬೀಳಬೇಕು. ನನ್ನದೂ ಇದೆ. ಬೇಸಿಗೆಯಲ್ಲಿ ಮಲ್ಲೇಶ್ವರದ ಎಂಟನೇ ಕ್ರಾಸಿಂದ ಸೇರುಗಟ್ಟಲೆ ಮೊಗ್ಗು ತಂದು, ಬಾಳೆಪಟ್ಟೆಗೆ ಒಂದೊಂದೇ ಹೊಲಿದು, ಚೌರಿ ಸೇರಿಸಿ ಹೆಣೆದ ಜಡೆಯ ಮೇಲೆ ಅದನ್ನು ಬಿಗಿದು, ತುದಿಗೆ ಕುಚ್ಚು ಕಟ್ಟಿದ್ದರು. ಭಾರಕ್ಕೆ ನನ್ನ ಗಲ್ಲ ಮೇಲಕ್ಕೆ ಎದ್ದಿದೆ. ನೋಡಿದವರೆಲ್ಲ ‘ಎಷ್ಟು ಗತ್ತಾಗಿ ನಿಂತಿದ್ದೀಯ’ ಅಂತಾರೆ. ಗತ್ತಲ್ಲ ಅದು, ನೋವು. ಆದರೆ ಆ ದಿನ ನಾನು ಬಿಚ್ಚು ಅಂತ ಅಳಲಿಲ್ಲ ಅನ್ನೋದೂ ನಿಜ. ಬೀದಿಯವರೆಲ್ಲ ನೋಡಿದರಲ್ಲ, ಆ ಸುಖವೂ ಸುಳ್ಳಲ್ಲ.

ಇಷ್ಟೂ ಹೇಳಿ ಗಂಡಸರ ಜುಟ್ಟನ್ನು ಬಿಟ್ಟರೆ ಹೇಗೆ? ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತ ಗಾದೆ ಇದೆ. ಯಾರನ್ನಾದರೂ ಹಿಡಿತದಲ್ಲಿಟ್ಟುಕೊಂಡರೆ ‘ಅವನ ಜುಟ್ಟು ಇವಳ ಕೈಲಿದೆ’ ಅಂತೀವಿ. ನೂರು ವರ್ಷದ ಹಿಂದೆ ಬಸವನಗುಡಿ, ಚಾಮರಾಜಪೇಟೆಗಳಲ್ಲಿ ಮುಂದಲೆ ಬೋಳಿಸಿ ಹಿಂದೆ ಉದ್ದ ಜುಟ್ಟು ಗಂಟು ಹಾಕಿದ ಗಂಡಸರು ಮಾಮೂಲು. ಅದರ ಮೇಲೆ ಪೇಟ. ನಮ್ಮ ತಾತ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಒಂದು ದಿನ ಜುಟ್ಟು ತೆಗೆಸಿ ಕ್ರಾಪು ಬಿಟ್ಟುಕೊಂಡು ಬಂದರಂತೆ. ಅವರಪ್ಪ ಒಂದು ವಾರ ಪಂಕ್ತಿಯಲ್ಲಿ ಊಟಕ್ಕೆ ಕೂರಿಸಲಿಲ್ಲ. ಎಂಟನೇ ದಿನ ಕೂರಿಸಿದರು. ಅಷ್ಟೇ, ಮುಗೀತು. ಹೊರಗಿನ ಲೋಕದಲ್ಲಿ ಇದು ಇಷ್ಟು ಸುಲಭವಾಗಿರಲಿಲ್ಲ. ಚೀನಾದಲ್ಲಿ 1645ರಲ್ಲಿ ಮಂಚು ಅರಸರು ಗಂಡಸರೆಲ್ಲ ಮುಂದಲೆ ಬೋಳಿಸಿ ಹಿಂದೆ ಜಡೆ ಬಿಡಬೇಕು ಅಂತ ಹುಕುಂ ಹೊರಡಿಸಿದರು, ಒಪ್ಪದವರಿಗೆ ಮರಣದಂಡನೆ. 1911ರ ಕ್ರಾಂತಿಯಾದ ಮೇಲೆ ಅದೇ ಜಡೆ ಕತ್ತರಿಸುವುದು ಹೊಸ ಕಾಲದ ಗುರುತಾಯ್ತು.

ಇಲ್ಲಿ ನಮ್ಮ ಕುಮಾರ ಪಾರ್ಕ್ ಬರುತ್ತೆ. 1883ರಿಂದ 1901ರವರೆಗೆ ಮೈಸೂರಿನ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಅವರ ಮನೆ ಕುಮಾರ ಕೃಪ. ಚಿತ್ರಕಲಾ ಪರಿಷತ್ತಿನ ರಸ್ತೆಗೆ ಇವತ್ತಿಗೂ ಅದೇ ಹೆಸರು. 1927ರಲ್ಲಿ ರಕ್ತದೊತ್ತಡ ಹೆಚ್ಚಾಗಿ ಕುಸಿದಿದ್ದ ಗಾಂಧೀಜಿ ನಂದಿಬೆಟ್ಟದಲ್ಲಿ ಸುಧಾರಿಸಿಕೊಂಡು, ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲೇ ಉಳಿದರು. ಆ ತಿಂಗಳುಗಳ ಅವರ ಕಾಗದಗಳ ತಲೆಯಲ್ಲಿ ‘ಕುಮಾರ ಪಾರ್ಕ್, ಬೆಂಗಳೂರು’ ಅಂತ ವಿಳಾಸವಿದೆ. ಸಂಜೆ ಪ್ರಾರ್ಥನೆಗೆ ಹೋಗಿದ್ದೆ ಅಂತ ತಾತ ಹೇಳಿಕೊಳ್ಳುತ್ತಿದ್ದರು, ಕ್ರಾಪು ತಲೆಯಲ್ಲೇ.

ಗಾಂಧೀಜಿಯೂ ಜುಟ್ಟಿನ ಲೆಕ್ಕ ಬರೆದಿಟ್ಟಿದ್ದಾರೆ. ಆಗ ಕಂತುಕಂತಾಗಿ ಪ್ರಕಟವಾಗುತ್ತಿದ್ದ ಆತ್ಮಕಥೆಯಲ್ಲಿ ಅದು ಬರುತ್ತೆ. 1888ರಲ್ಲಿ ಇಂಗ್ಲೆಂಡಿಗೆ ಹೊರಡುವಾಗ, ಬರಿದಲೆಯಲ್ಲಿದ್ದಾಗ ಇಂಗ್ಲಿಷರು ನೋಡಿ ನಕ್ಕಾರು ಅಂತ ಶಿಖೆ ತೆಗೆಸಿದರು. ಆಮೇಲೆ ಅದು ಅಂಜುಬುರುಕುತನ ಅಂತ ಅವರಿಗೇ ಅನ್ನಿಸಿತು. 1915ರಲ್ಲಿ ಹರಿದ್ವಾರದ ಕಡೆ ಹೋದಾಗ ಸ್ವಾಮಿಗಳೊಬ್ಬರು ಕೇಳಿದ್ದಕ್ಕೆ, ಜನಿವಾರ ಹಾಕಲ್ಲ, ಶಿಖೆ ಬೇಕಾದರೆ ಬಿಡುತ್ತೇನೆ ಅಂದರು. ತನ್ನ ಕೂದಲಿನ ಬಗ್ಗೆ ತಾನೇ ತೀರ್ಮಾನ ಮಾಡಿ, ತಾನೇ ಬದಲಾಯಿಸಿ, ತಾನೇ ಬರೆದರು. ಓದೋಕೆ ಚೆನ್ನಾಗಿದೆ.

ಆದರೆ ಅವರದೇ ಇನ್ನೊಂದು ಪುಸ್ತಕದಲ್ಲಿ, ದಕ್ಷಿಣ ಆಫ್ರಿಕದ ಸತ್ಯಾಗ್ರಹದ ಕಥೆಯಲ್ಲಿ, ನನ್ನನ್ನು ತಡೆದು ನಿಲ್ಲಿಸಿದ ಪ್ರಸಂಗವಿದೆ. ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಹುಡುಗರು, ಹುಡುಗಿಯರು ಒಟ್ಟಿಗೇ ಇದ್ದರು. ಒಬ್ಬ ಹುಡುಗ ಇಬ್ಬರು ಹುಡುಗಿಯರನ್ನು ಚುಡಾಯಿಸಿದ. ಗಾಂಧೀಜಿ ರಾತ್ರಿಯೆಲ್ಲ ನಿದ್ದೆಗೆಟ್ಟು ಯೋಚಿಸಿ, ಆ ಹುಡುಗಿಯರ ಸೊಗಸಾದ ಉದ್ದ ಕೂದಲನ್ನು ಕತ್ತರಿಸುವುದೇ ದಾರಿ ಅಂದುಕೊಂಡರು. ಹುಡುಗಿಯರು ಮೊದಲು ಒಪ್ಪಲಿಲ್ಲ. ಹಿರಿಯ ಹೆಂಗಸರಿಗೂ ಮನಸ್ಸಿರಲಿಲ್ಲ. ಕೊನೆಗೆ ಒಪ್ಪಿಸಿ, ತಮ್ಮ ಕೈಯಾರೆ ಕತ್ತರಿಸಿದರು. ಅದರಿಂದ ಒಳ್ಳೆಯದೇ ಆಯ್ತು ಅಂತ ಬರೆದಿದ್ದಾರೆ. ಇರಬಹುದು. ತಪ್ಪು ಮಾಡಿದ್ದು ಹುಡುಗ, ಕತ್ತರಿ ಬಿದ್ದದ್ದು ಹುಡುಗಿಯರ ಕೂದಲಿಗೆ. ಗಾಂಧೀಜಿ ಮೇಲೆ ನನಗೆ ಗೌರವ ಕಡಿಮೆಯಾಗಿಲ್ಲ. ಆದರೆ ಕುಮಾರ ಪಾರ್ಕ್ ಈಸ್ಟಿನ ಗಾಂಧಿ ಭವನದ ಮುಂದೆ ಹೋಗುವಾಗೆಲ್ಲ ಆ ಇಬ್ಬರು ಹುಡುಗಿಯರು ನೆನಪಾಗ್ತಾರೆ. ಅವರು ಏನು ಅಂದುಕೊಂಡರು ಅಂತ ಯಾರೂ ಬರೆದಿಡಲಿಲ್ಲ.

ಕತ್ತರಿ ಅಂದಾಗ ನಾನು ಬಾಯಿಬಿಟ್ಟು ಹೇಳಲೇಬೇಕಾದ ಇನ್ನೊಂದು ವಿಷಯವಿದೆ. ಅದು ನಮ್ಮ ಮನೆಯದು.

ತಾತನ ಅಕ್ಕನನ್ನು ನಾವೆಲ್ಲ ದೊಡ್ಡತ್ತೆ ಅಂತ ಕರೆಯುತ್ತಿದ್ದೆವು. 1903ರಲ್ಲಿ ಹುಟ್ಟಿದವರು. ಒಂಬತ್ತನೇ ವಯಸ್ಸಿಗೆ ಮದುವೆ, ಹನ್ನೆರಡಕ್ಕೆ ವಿಧವೆ. ಶೇಷಾದ್ರಿ ಅಯ್ಯರ್ ದಿವಾನಗಿರಿಯಲ್ಲೇ, 1894ರಲ್ಲಿ, ಮೈಸೂರು ಸರ್ಕಾರ ಶಿಶುವಿವಾಹ ತಡೆಯುವ ಕಾನೂನು ತಂದಿತ್ತು. ಎಂಟು ವರ್ಷ ತುಂಬದ ಹುಡುಗಿಯ ಮದುವೆ ಅಪರಾಧ. ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆಯೇ, ಅದಕ್ಕೂ ಜನ ಗಲಾಟೆ ಮಾಡಿದ್ದರು. ದೊಡ್ಡತ್ತೆಗೆ ಒಂಬತ್ತು ತುಂಬಿತ್ತು. ಅಂದರೆ ಎಲ್ಲವೂ ಕಾನೂನಿನ ಪ್ರಕಾರವೇ ನಡೆದದ್ದು. ತಲೆ ಬೋಳಿಸಬಾರದು ಅಂತ ಕಾನೂನು ಇರಲಿಲ್ಲ. ಅವರು ಮೈನೆರೆದ ಮೇಲೆ ಹಿತ್ತಲಲ್ಲಿ ಕೂರಿಸಿ ಕೂದಲು ತೆಗೆಸಿದರು. ಆಮೇಲೆ ಕೆಂಪು ಸೀರೆ, ತಲೆ ಮೇಲೆ ಸೆರಗು, ತಿಂಗಳಿಗೊಂದು ಸಲ ಕ್ಷೌರ. 1890ರಲ್ಲೇ ಮುಂಬಯಿಯ ಕ್ಷೌರಿಕರು ಸಭೆ ಸೇರಿ, ಇನ್ನು ಮೇಲೆ ವಿಧವೆಯರ ತಲೆಗೆ ಕತ್ತಿ ಹಾಕಲ್ಲ ಅಂತ ತೀರ್ಮಾನಿಸಿದ್ದರು. ಓದಿದವರಿಗೆ ಆಗದ ನಾಚಿಕೆ ಕತ್ತಿ ಹಿಡಿದವರಿಗೆ ಆಗಿತ್ತು. ನಮ್ಮ ಹಿತ್ತಲಿನವರೆಗೆ ಆ ಸುದ್ದಿ ಬರಲಿಲ್ಲ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ 1976ರಲ್ಲಿ ಬಂದಾಗ ಅಮ್ಮ ಅದನ್ನು ಅಡುಗೆಮನೆಯಲ್ಲಿ ಅಡಗಿಸಿಟ್ಟು ಓದಿದಳು, ದೊಡ್ಡತ್ತೆ ಕಣ್ಣಿಗೆ ಬೀಳಬಾರದು ಅಂತ.

ನನಗೆ ಆಗ ಎಂಟೊಂಬತ್ತು ವರ್ಷ. ಸ್ಕೂಲಿಗೆ ಎರಡು ಜಡೆ ಹಾಕಿ, ಮಡಚಿ, ಟೇಪು ಕಟ್ಟಬೇಕು ಅಂತ ರೂಲು. ಬೆಳಿಗ್ಗೆ ಬೆಳಿಗ್ಗೆ ಅಮ್ಮ ಸಿಕ್ಕು ಬಿಡಿಸುವಾಗ ನಾನು ಕಿರುಚೋದು, ಅಮ್ಮ ಬಾಚಣಿಗೆಯಲ್ಲೇ ಒಂದು ಕೊಡೋದು, ದಿನದ ಕಥೆ. ಒಂದು ದಿನ ಅಳುತ್ತಾ, ‘ನಂಗೂ ದೊಡ್ಡತ್ತೆ ಥರ ಬೋಳಿಸಿಬಿಡು, ಅವರಿಗೆ ಈ ಕಾಟ ಇಲ್ಲ’ ಅಂದೆ. ಅಮ್ಮನ ಕೈ ನಿಂತುಹೋಯ್ತು. ದೊಡ್ಡತ್ತೆ ಅಲ್ಲೇ ಕಂಬಕ್ಕೊರಗಿ ಬತ್ತಿ ಹೊಸೆಯುತ್ತಿದ್ದರು. ತಲೆ ಎತ್ತಲಿಲ್ಲ. ‘ಹೌದು ಮಗಾ, ನಂಗೆ ಆ ತಲೆನೋವು ಇಲ್ಲ’ ಅಂದರು. ಅವತ್ತು ಅಮ್ಮ ನನ್ನ ಜಡೆ ಬಹಳ ಬಿಗಿಯಾಗಿ ಹೆಣೆದಳು.

ದೊಡ್ಡತ್ತೆ ತೀರಿಕೊಳ್ಳುವ ಹಿಂದಿನ ವರ್ಷ ಮನೆಗೆ ಬರುತ್ತಿದ್ದ ಮುದುಕ ಕ್ಷೌರಿಕ ತೀರಿಹೋದ. ಅವನ ಮಗನಿಗೆ ಅಂಗಡಿ ಇತ್ತು, ಮನೆಮನೆಗೆ ಬರೋಲ್ಲ ಅಂದ. ಬೇರೆ ಯಾರನ್ನೂ ಹುಡುಕೋಕೆ ಅಪ್ಪ ಹೋಗಲಿಲ್ಲ, ದೊಡ್ಡತ್ತೆಯೂ ಕೇಳಲಿಲ್ಲ. ಅರವತ್ತು ವರ್ಷದ ಮೇಲೆ ಅವರ ತಲೆಯಲ್ಲಿ ಬೆರಳುದ್ದ ಬೆಳ್ಳಗಿನ ಕೂದಲು ಬಂತು. ಒಂದು ಮಧ್ಯಾಹ್ನ, ಯಾರೂ ಇಲ್ಲದಾಗ, ‘ನಿನ್ನ ಬಾಚಣಿಗೆ ತಾರೇ’ ಅಂದರು. ನಾನೇ ಬಾಚಿದೆ. ಒಂದು ಕಡೆ ಸಿಕ್ಕಿತ್ತು. ‘ಎಳೆದ್ರೆ ನೋಯುತ್ತಾ ದೊಡ್ಡತ್ತೆ?’ ಅಂತ ಕೇಳಿದೆ. ‘ನೋಯಲಿ ಬಿಡು, ಬಾಚು’ ಅಂದರು.

ಆಟೋದಲ್ಲಿ ನನ್ನ ಬಾಯಿಂದ ‘ಹುಚ್ಚೇನೇ ನಿಂಗೆ’ ಅಂತ ಬಂದದ್ದು ಎಲ್ಲಿಂದ ಅಂತ ಗೊತ್ತಾಯ್ತಲ್ಲ. ನಮ್ಮ ಮನೆಯಲ್ಲಿ ಕೂದಲು ಹೋಗೋದು ಅಂದರೆ ಒಂದೇ ಅರ್ಥ ಇತ್ತು. ಅದಕ್ಕೇ ಉದ್ದ ಜಡೆ ಅಂದರೆ ನಮಗೆ ಸೌಭಾಗ್ಯ. ಅದರ ನೋವನ್ನು ನೋವು ಅಂತ ಎಣಿಸಲೇ ಇಲ್ಲ. ದೊಡ್ಡತ್ತೆಯ ಕೂದಲು ತೆಗೆಸಿದವರೂ, ನನ್ನ ಜಡೆ ಬಿಗಿದವರೂ, ಮಗಳಿಗೆ ಬೇಡ ಅಂದ ನಾನೂ, ಯಾರೂ ಆ ತಲೆಯನ್ನು ಕೇಳಲಿಲ್ಲ. ಹೀಗೆ ಯೋಚಿಸಿದರೆ ನಾವೆಲ್ಲ ಒಂದೇ ಸಾಲಿನಲ್ಲಿ ನಿಲ್ಲುತ್ತೇವೆ. ಒಪ್ಪೋದು ಕಷ್ಟ, ಆದರೆ ನಿಜ.

ಇನ್ನೊಂದು ಮಾತು. ಬಿಗಿದು ಕಟ್ಟುವುದರ ಫಲ ತಲೆನೋವೊಂದೇ ಅಲ್ಲ. ಗ್ರೀನ್‌ಲ್ಯಾಂಡಿನ ಹೆಂಗಸರು ಕೂದಲನ್ನು ಎಳೆದು ನೆತ್ತಿಯಲ್ಲಿ ಗಂಟು ಹಾಕುವುದರಿಂದ ಮುಂದಲೆಯ ಕೂದಲು ಉದುರುತ್ತಿದ್ದುದನ್ನು 1907ರಲ್ಲೇ ಟ್ರೆಬಿಟ್ಷ್ ಅನ್ನುವವರು ದಾಖಲಿಸಿದ್ದಾರೆ. ತಲೆನೋವು ಬಿಚ್ಚಿದ ಗಂಟೆಯಲ್ಲಿ ಹೋಗುತ್ತೆ. ವರ್ಷಗಟ್ಟಲೆ ಎಳೆದರೆ ಬುಡವೇ ಸತ್ತು ಆ ಕೂದಲು ವಾಪಸು ಬರೋಲ್ಲ. ಅಜ್ಜಿಯ ಬೈತಲೆ ವಯಸ್ಸಾಗುತ್ತಾ ಅಗಲವಾಗಿದ್ದು ವಯಸ್ಸಿಂದ ಮಾತ್ರ ಅಂತ ನಾವು ತಿಳಿದಿದ್ದೆವು. ಭರತನಾಟ್ಯದ ಹುಡುಗಿಯರು, ಎಳೆದು ಗಂಟು ಹಾಕಿ ಡ್ಯೂಟಿಗೆ ಹೋಗುವವರು, ಹೆಲ್ಮೆಟ್ ಒಳಗೆ ಕ್ಲಿಪ್ಪು ಒತ್ತಿಸಿಕೊಂಡು ಗಾಡಿ ಓಡಿಸುವವರು ದಯವಿಟ್ಟು ಗಮನಿಸಿ. ಕೆಳಗೆ ಕಟ್ಟಿ, ಸಡಿಲವಾಗಿ ಕಟ್ಟಿ, ಕಟ್ಟುವ ಜಾಗ ದಿನಾ ಬದಲಾಯಿಸಿ, ಮನೆಗೆ ಬಂದ ತಕ್ಷಣ ಬಿಚ್ಚಿ.

ಮರುದಿನ ಬೆಳಿಗ್ಗೆ ಕಾಫಿ ಕುಡಿಯುತ್ತಾ ಮಗಳಿಗೆ ದೊಡ್ಡತ್ತೆ ಕಥೆ ಹೇಳಿದೆ. ಅವಳಿಗೆ ಅದುವರೆಗೆ ಹೇಳಿರಲಿಲ್ಲ. ‘ನಿನ್ನ ಕೂದಲು, ನೀನು ಏನು ಮಾಡ್ತೀಯೋ ಮಾಡು’ ಅಂದೆ. ಎರಡು ದಿನ ಯೋಚಿಸಿದಳು. ಶನಿವಾರ ಇಬ್ಬರೂ ಹೋದೆವು. ಭುಜಕ್ಕಿಂತ ನಾಲ್ಕು ಬೆರಳು ಕೆಳಗೆ ಕತ್ತರಿಸಿಕೊಂಡಳು. ನಮ್ಮತ್ತೆ ಎರಡು ದಿನ ಮಾತು ಬಿಟ್ಟರು, ಮೂರನೇ ದಿನ ‘ಮುಖಕ್ಕೆ ಒಪ್ಪತ್ತೆ’ ಅಂದರು. ತಾತನಿಗೆ ಒಂದು ವಾರ ಹಿಡಿದಿತ್ತು.

ಈಗ ಸಂಜೆ ಐದೂವರೆಗೆ ಅವಳು ಬಂದರೆ ಕಾಫಿ ಕೇಳುತ್ತಾಳೆ. ಅಮೃತಾಂಜನದ ಡಬ್ಬಿ ನನ್ನ ಮಂಡಿನೋವಿಗೆ ಬಂದಿದೆ.